ಹಳೆಯ ಮೌಂಟೇನ್ ಬೈಕ್‌ಗೆ ಯಾವ ಗೇರ್ ಹಾಕಿಸಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮಣ್ಣ ಓಡಿಸುತ್ತಿದ್ದ 26 ಇಂಚಿನ ಹಳೆಯ ಮೌಂಟೇನ್ ಬೈಕ್ ಈಗ ನನ್ನ ಹತ್ತಿರ ಇದೆ. ಮುಂದೆ ಪೆಡಲ್ ಹತ್ತಿರ ಮೂರು ರಿಂಗ್, 48-38-28 ಹಲ್ಲು; ಹಿಂದೆ 7 ಗೇರ್, 14ರಿಂದ 28 ಹಲ್ಲು. ಚಿಕ್ಕಬಳ್ಳಾಪುರದ ಒಳಗೆ ಓಡಾಡಲು ತೊಂದರೆ ಇಲ್ಲ. ಭಾನುವಾರ ನಂದಿ ಬೆಟ್ಟ ಹತ್ತುವಾಗ ಮಾತ್ರ ಕೊನೆಯ ತಿರುವುಗಳಲ್ಲಿ ಇಳಿದು ತಳ್ಳಬೇಕಾಗುತ್ತದೆ. ಮಂಡಿಯೂ ನೋಯುತ್ತದೆ. ಮುಂದೆ ಒಂದೇ ರಿಂಗ್, ಹಿಂದೆ 12 ಗೇರ್ ಹಾಕಿಸು ಅಂತ ಗೆಳೆಯರು ಹೇಳುತ್ತಾರೆ. ಏನು ಮಾಡಲಿ?

ಉತ್ತರ (ಸೈಕಲ್ ಮೆಕ್ಯಾನಿಕ್): ನಮಸ್ಕಾರ ಸರ್. ಎಷ್ಟು ಗೇರ್ ಇವೆ ಅನ್ನೋದನ್ನು ಬಿಟ್ಟು, ಎಲ್ಲಕ್ಕಿಂತ ಹಗುರವಾದ ಗೇರ್ ಯಾವುದು ಅಂತ ಮೊದಲು ನೋಡಿ. ನಿಮ್ಮದರಲ್ಲಿ ಮುಂದೆ 28, ಹಿಂದೆ 28. ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದು ಸುತ್ತು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 7.4 ಕಿ.ಮೀ. ವೇಗ. ಕಡಿದಾದ ಏರಿನಲ್ಲಿ ಅಷ್ಟು ವೇಗ ಉಳಿಸಿಕೊಳ್ಳಲು ಆಗದಿದ್ದರೆ ಪೆಡಲ್ ಇನ್ನೂ ನಿಧಾನವಾಗುತ್ತದೆ. ಪ್ರತಿ ಸುತ್ತಿಗೂ ಜಾಸ್ತಿ ಒತ್ತಬೇಕು. ಮಂಡಿ ನೋವಿಗೆ ಇದೂ ಒಂದು ಕಾರಣ. ಸೀಟು ತೀರಾ ಕೆಳಗಿದ್ದರೂ ನೋಯುತ್ತದೆ, ಅದನ್ನೂ ನೋಡಿಕೊಳ್ಳಿ.

ಮೊದಲು ಹಿಂದಿನ ಫ್ರೀವೀಲ್ (ಹಿಂದಿನ ಹಬ್‌ಗೆ ತಿರುಗಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪು) ಬದಲಿಸಿ. 7 ಗೇರ್‌ನಲ್ಲೇ 14-34 ಸಿಗುತ್ತದೆ. 28ಕ್ಕೆ 34 ಅಂದರೆ ಅದೇ 60 ಸುತ್ತಿಗೆ ವೇಗ ಸುಮಾರು 6.1 ಕಿ.ಮೀ. ಪೆಡಲ್ ಮೇಲಿನ ಒತ್ತಡ ಹೆಚ್ಚುಕಡಿಮೆ ಶೇ. 18ರಷ್ಟು ಇಳಿಯುತ್ತದೆ. ಚಿಕ್ಕ ಹಲ್ಲು 14 ಹಾಗೇ ಇರುವುದರಿಂದ ಸಮತಟ್ಟು ರಸ್ತೆಯ ವೇಗಕ್ಕೆ ಏನೂ ಆಗುವುದಿಲ್ಲ. ಹ್ಯಾಂಡಲ್ ಮೇಲಿನ ಗೇರ್ ಶಿಫ್ಟರ್ ಕೂಡ ಅದೇ ಸಾಕು.

ಒಂದು ವಿಷಯ ಮೊದಲೇ ಗೊತ್ತಿರಲಿ. ಈ ಫ್ರೀವೀಲ್‌ಗಳಲ್ಲಿ ಸಾಮಾನ್ಯವಾಗಿ 24ರಿಂದ ನೇರವಾಗಿ 34ಕ್ಕೆ ಜಿಗಿತ. ಗೇರ್ ಹಾಕಿದ ತಕ್ಷಣ ಕಾಲು ಗಿರ್ರನೆ ತಿರುಗುತ್ತದೆ. ಆದರೆ ಬೇಕಾಗಿರೋದು ಕಡಿದಾದ ಏರಿಗೆ ಮಾತ್ರ ಅಲ್ವಾ, ಅಲ್ಲಿ ಅದು ವರವೇ.

ಕೊಳ್ಳುವ ಮೊದಲು ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲು ತಡೆಯುತ್ತದಾ ನೋಡಿ. ಹಳೆಯ ಗಿಡ್ಡ ಡಿರೇಲರ್‌ಗಳು ಕೆಲವು 28ಕ್ಕೇ ಮುಗಿಯುತ್ತವೆ. ಚೈನ್ ಸಡಿಲ ಎಳೆದುಕೊಳ್ಳುವ ಶಕ್ತಿಯೂ ಬೇಕು: ಮುಂದಿನ ವ್ಯತ್ಯಾಸ 20, ಹಿಂದಿನದು 20, ಒಟ್ಟು 40 ಹಲ್ಲು. ಉದ್ದ ಪಂಜರದ (ಎರಡು ಪುಟ್ಟ ಗಾಲಿಗಳಿರುವ ಕೆಳಗಿನ ತೋಳು) ಡಿರೇಲರ್ ಆದರೆ ಸಾಕಾಗುತ್ತದೆ.

12 ಗೇರ್ ಬೇಡ ಅಂತ ನಾನು ಖಂಡಿತ ಹೇಳುತ್ತೇನೆ. ಹಿಂದಿನ ಹಬ್, ಶಿಫ್ಟರ್, ಡಿರೇಲರ್, ಚೈನ್, ಮುಂದಿನ ರಿಂಗ್ ಎಲ್ಲವನ್ನೂ ಬದಲಿಸಬೇಕು. ಈ ಬೈಕ್‌ಗೆ ಅಷ್ಟು ದುಡ್ಡು ಸುರಿಯುವುದು ಸುಮ್ನೆ. ಈಗಿರುವ ಸ್ಕ್ರೂ ಹಬ್‌ಗೆ (ಫ್ರೀವೀಲ್ ತಿರುಗಿಸಿ ಕೂರಿಸುವ ಹಬ್) 8-9 ಗೇರ್ ಫ್ರೀವೀಲ್ ಹಾಕಿಸುವುದೂ ಬೇಡ. ಬಲಗಡೆ ಆಕ್ಸಲ್‌ಗೆ (ಚಕ್ರದ ನಡುವಿನ ಕಂಬಿ) ಆಸರೆ ಇನ್ನೂ ಕಡಿಮೆಯಾಗುತ್ತದೆ, ಅದರಿಂದ ಆಕ್ಸಲ್ ಬಾಗುತ್ತದೆ, ಮುರಿಯುವುದೂ ಉಂಟು.

ಪ್ರಶ್ನೆ: ಫ್ರೀವೀಲ್ ಬದಲು ಮುಂದೆ 42-34-24 ಹಾಕಿಸಿದರೆ?

ಉತ್ತರ: 24ಕ್ಕೆ 28 ಕೂಡ ಹೆಚ್ಚುಕಡಿಮೆ ಅಷ್ಟೇ ಹಗುರ. ಆದರೆ ಕ್ರ್ಯಾಂಕ್ (ಪೆಡಲ್ ತೋಳು, ಮುಂದಿನ ರಿಂಗ್‌ಗಳು ಸೇರಿದ ಭಾಗ) ಬದಲಿಸಬೇಕು, ಮುಂದಿನ ಡಿರೇಲರ್ ಕೆಳಗೆ ಇಳಿಸಬೇಕು, ಕ್ರ್ಯಾಂಕ್ ಕೂರುವ ಒಳಗಿನ ಆಕ್ಸಲ್ ಉದ್ದ ಹೊಂದದೆಯೂ ಹೋಗಬಹುದು. 34 ಹಾಕಿಸಿಯೂ ತಳ್ಳಬೇಕಾದರೆ ಆಮೇಲೆ ಇದು. ಎರಡೂ ಸೇರಿದರೆ 24ಕ್ಕೆ 34, ಅದೇ 60 ಸುತ್ತಿಗೆ ಸುಮಾರು 5.2 ಕಿ.ಮೀ.

ಇನ್ನೊಬ್ಬ ಸದಸ್ಯೆ: ಸರ್, ನನ್ನದು ಫ್ರೀವೀಲಾ, ಕ್ಯಾಸೆಟ್ಟಾ? ಹೇಗೆ ತಿಳಿಯೋದು?

ಉತ್ತರ: ಕ್ಯಾಸೆಟ್ ಅಂದರೆ ತಿರುಗಿಸಿ ಕೂರಿಸದೆ, ಹಬ್ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪು. ಚಕ್ರ ಬಿಚ್ಚಿ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ ಮೇಡಂ. ನಡುವೆ ಟೂಲ್ ಕೂರುವ ಕಚ್ಚುಗಳು ಹಲ್ಲುಗಳ ಜೊತೆ ತಿರುಗಿದರೆ ಕ್ಯಾಸೆಟ್, ತಿರುಗದೆ ನಿಂತಿದ್ದರೆ ಫ್ರೀವೀಲ್. 8 ಗೇರ್ ಕ್ಯಾಸೆಟ್ ಆದರೆ 11-32, 11-34 ಎರಡೂ ಸಿಗುತ್ತವೆ.

ಪ್ರಶ್ನೆ (ಮೊದಲು ಕೇಳಿದವರು): ಹಳೆ ಚೈನೇ ಇರಲಿ ಅಂತ ಅಂಗಡಿಯವರು ಹೇಳಿದರು. ಸರೀನಾ ಸರ್?

ಉತ್ತರ: ಅಳೆದು ನೋಡಿ. ಒಂದು ಪಿನ್ ಮಧ್ಯಕ್ಕೆ ಸ್ಕೇಲಿನ ಸೊನ್ನೆ ಹಿಡಿದರೆ, 24 ಕೊಂಡಿ ದಾಟಿದ ಪಿನ್ ಸರಿಯಾಗಿ 12 ಇಂಚಿಗೆ ಬರಬೇಕು. 1/16 ಇಂಚು ಮುಂದೆ ಹೋಗಿದ್ದರೆ ಬದಲಿಸಿ. ಹಿಗ್ಗಿದ ಚೈನ್ ಹೊಸ ಹಲ್ಲಿನ ಮೇಲೆ ಜಾರುತ್ತದೆ. ನಿಮ್ಮ ವಿಷಯದಲ್ಲಿ 34 ಸುತ್ತಿ ಬರಲು ಹಳೆಯದು ಗಿಡ್ಡವಾಗುವ ಸಾಧ್ಯತೆಯೇ ಜಾಸ್ತಿ. ಡಿರೇಲರ್ ಒಳಗೆ ಹಾಯಿಸದೆ 48 ಮತ್ತು 34ರ ಮೇಲೆ ಹೊಸ ಚೈನ್ ಸುತ್ತಿ, ಕೂಡುವ ಜಾಗಕ್ಕಿಂತ 1 ಇಂಚು ಹೆಚ್ಚು ಬಿಟ್ಟು ಕತ್ತರಿಸಲಿ. ಈಗ ಇರುವ ಡಿರೇಲರ್‌ನ ಫೋಟೋ ಪಕ್ಕದಿಂದ ತೆಗೆದು ಇಲ್ಲಿ ಹಾಕಿ, ಪಂಜರದ ಉದ್ದ ನೋಡಿ ಹೇಳುತ್ತೇನೆ.