ಪದಚರ್ಚೆ: ಮಕ್ಕಳ ಭಾವಚಿತ್ರದಲ್ಲಿ ‘ಹೆಡ್‌ರೂಮ್’, ‘ಲುಕಿಂಗ್ ರೂಮ್’, ‘ಫ್ರೇಮಿಂಗ್’ – ನಾಳೆಯೊಳಗೆ ಬೇಕು

ಪ್ರಶ್ನೆ

ಮಾನ್ಯರೇ,

ಬೇಸಿಗೆ ಶಿಬಿರವೊಂದಕ್ಕೆ ಬರುವ ತಂದೆತಾಯಿಯರಿಗೆ ಹಂಚಲೆಂದು ಸಣ್ಣ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉದ್ಯಾನ, ಕೆರೆಯ ಏರಿ, ಶಾಲೆಯ ಮೈದಾನ ಮುಂತಾದೆಡೆ ಮಕ್ಕಳ ಭಾವಚಿತ್ರ ತೆಗೆಯುವಾಗ ಮಗು ಚಿತ್ರದಲ್ಲಿ ಎಲ್ಲಿರಬೇಕು, ಸುತ್ತ ಎಷ್ಟು ಜಾಗ ಬಿಡಬೇಕು, ಯಾವ ಹೊತ್ತಿನ ಬೆಳಕು ಒಳ್ಳೆಯದು ಎಂಬುದಷ್ಟೇ ಅದರ ವಿಷಯ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕಾಗಿದೆ.

ವಾಕ್ಯಗಳ ನಡುವೆ ಬಂದ ಪದಗಳನ್ನು ಹೇಗೋ ನಿಭಾಯಿಸಿದ್ದೇನೆ. ತೊಡಕಾಗಿರುವುದು ಒಂದು ರೇಖಾಚಿತ್ರದಲ್ಲಿ. ಓಡುತ್ತಿರುವ ಹುಡುಗಿಯೊಬ್ಬಳ ಸುತ್ತ ಬಾಣಗಳನ್ನು ಹಾಕಿ, ಒಂದೊಂದು ಬಾಣದ ತುದಿಯಲ್ಲೂ ಎರಡು ಮೂರು ಪದ ಹಿಡಿಸುವಷ್ಟು ಜಾಗ ಬಿಟ್ಟಿದ್ದಾರೆ. ತಲೆಗೂ ಚಿತ್ರದ ಮೇಲಂಚಿಗೂ ನಡುವಿನ ಜಾಗ ‘ಹೆಡ್‌ರೂಮ್’; ಮಗು ನೋಡುತ್ತಿರುವ ಅಥವಾ ಓಡುತ್ತಿರುವ ದಿಕ್ಕಿನಲ್ಲಿ ಬಿಡುವ ಜಾಗ ‘ಲುಕಿಂಗ್ ರೂಮ್’; ಇವೆಲ್ಲವನ್ನೂ ಒಟ್ಟಾಗಿ ಹೇಳುವ ‘ಫ್ರೇಮಿಂಗ್’ ತಲೆಬರಹದಲ್ಲಿದೆ. ಯಂತ್ರಾನುವಾದವು ಮೊದಲನೆಯದಕ್ಕೆ ‘ತಲೆಕೋಣೆ’ ಎಂದಿತು. ಎರಡನೆಯದಕ್ಕೆ ನಾನೇ ‘ನೋಟಾವಕಾಶ’ ಎಂದು ಬರೆದುಕೊಂಡಿದ್ದೇನೆ, ತೃಪ್ತಿಯಿಲ್ಲ. ‘ಚೌಕಟ್ಟು ಹಾಕುವುದು’ ಎಂದರೆ ಓದುವವರಿಗೆ ಗಾಜು ಕೂರಿಸಿ ಕಟ್ಟು ಹಾಕಿಕೊಡುವ ಅಂಗಡಿ ನೆನಪಾಗುತ್ತದೆ. ‘ಕ್ರಾಪ್’ (ಚಿತ್ರದ ಅಂಚಿನ ಭಾಗವನ್ನು ಕತ್ತರಿಸಿ ತೆಗೆಯುವುದು) ಮತ್ತು ‘ಗೋಲ್ಡನ್ ಅವರ್’ (ಸೂರ್ಯ ಹುಟ್ಟಿದ ಮೇಲಿನ, ಮುಳುಗುವ ಮುನ್ನದ ಹೊಂಬೆಳಕಿನ ಹೊತ್ತು) ಎಂಬುವಕ್ಕೂ ಸಲಹೆ ಬೇಕು; ‘ಸುವರ್ಣ ಗಂಟೆ’ ಎಂದು ಬರೆಯಲು ಕೈ ಬರುತ್ತಿಲ್ಲ.

ಉತ್ತರ 1

‘ನೋಟಾವಕಾಶ’ ಅಸಾಧು. ‘ನೋಟ’ ಕನ್ನಡ, ‘ಅವಕಾಶ’ ಸಂಸ್ಕೃತ. ಇವೆರಡನ್ನು ಸೇರಿಸಿದರೆ ಅರಿಸಮಾಸ, ಅದರ ಮೇಲೆ ಸವರ್ಣದೀರ್ಘ ಸಂಧಿ ಬೇರೆ. ಗಮಕ ಸಮಾಸಕ್ಕೂ ಕ್ರಿಯಾಸಮಾಸಕ್ಕೂ ಇರುವ ವಿನಾಯಿತಿ ಇಲ್ಲಿ ಸಲ್ಲುವುದಿಲ್ಲ. ವ್ಯಾಕರಣಕಾರ ಕೇಶಿರಾಜನು 13ನೆಯ ಶತಮಾನದಲ್ಲಿ ಹೇಳಿದ್ದನ್ನು ಅನುವಾದಕರಿಗೆ ಇಂದೂ ಹೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಪಾರಿಭಾಷಿಕ ಪದ ಬೇಕಾದಾಗ ಸಂಸ್ಕೃತದ ಮೊರೆ ಹೋಗುವುದೇ ನಿರ್ದುಷ್ಟ ಮಾರ್ಗ. ಹೆಡ್‌ರೂಮ್ ಎಂಬುದಕ್ಕೆ ‘ಶಿರೋವಕಾಶ’, ಲುಕಿಂಗ್ ರೂಮ್ ಎಂಬುದಕ್ಕೆ ‘ದೃಷ್ಟ್ಯವಕಾಶ’, ಕ್ರಾಪ್ ಎಂಬುದಕ್ಕೆ ‘ಕರ್ತನ’ ಎನ್ನಬಹುದು. ತಲೆಬರಹಕ್ಕೆ ‘ಹೊರಾಂಗಣ ಭಾವಚಿತ್ರ ಸಂಯೋಜನೆ’ ಎಂದಿಡಿ. ‘ಸುವರ್ಣ ಗಂಟೆ’ ಗುಡಿಯಲ್ಲಿ ಬಾರಿಸುವಂಥದ್ದು; ‘ಸುವರ್ಣಹೋರೆ’ ಎಂದು ಬರೆದರೆ ಅರ್ಥವೂ ಕೂಡುತ್ತದೆ, ಭಾಷೆಯೂ ಶುದ್ಧವಾಗಿರುತ್ತದೆ.

ಉತ್ತರ 2

ಕೈಪಿಡಿಯನ್ನು ಓದುವವರು ತಂದೆತಾಯಿಯರೆಂಬುದನ್ನು ಮೇಲಿನ ಹಿರಿಯರು ಗಮನಿಸಿದಂತಿಲ್ಲ. ಮಗುವಿನ ಚಿತ್ರದ ಪಕ್ಕದಲ್ಲಿ ಬಾಣ ಹಾಕಿ ‘ದೃಷ್ಟ್ಯವಕಾಶ’ ಎಂದು ಬರೆದರೆ, ಮಗುವಿಗೆ ದೃಷ್ಟಿ ತಾಗಲು ಅವಕಾಶವಿರುವ ಜಾಗ ಇದು ಎಂದೇ ನಮ್ಮ ಮನೆಗಳಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಶಿಬಿರಕ್ಕೆ ಬರುವ ಅರ್ಧ ಮಕ್ಕಳ ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಇರುವಾಗ ಈ ಪದವನ್ನು ಸೂಚಿಸಲು ಧೈರ್ಯ ಬೇಕು.

ಇನ್ನು ಶುದ್ಧಿಯ ಮಾತು. ‘ಹೋರಾ’ ಎಂಬುದು ಗ್ರೀಕಿನಿಂದ ಜ್ಯೋತಿಷದ ಜೊತೆಗೆ ಸಂಸ್ಕೃತಕ್ಕೆ ಬಂದ ಪದ. ಇಂಗ್ಲಿಷಿನ ‘ಅವರ್’ ಕೂಡ ಲ್ಯಾಟಿನ್ ದಾರಿಯಲ್ಲಿ ಅದೇ ಗ್ರೀಕ್ ಮೂಲದಿಂದ ಬಂದಿದೆ. ಹಾಗಾಗಿ ‘ಅವರ್’ ಮೈಲಿಗೆ, ‘ಹೋರೆ’ ಮಡಿ ಎನ್ನುವುದಕ್ಕೆ ಆಧಾರವಿಲ್ಲ. ‘ನೋಟಾವಕಾಶ’ವನ್ನು ಸವರ್ಣದೀರ್ಘಕ್ಕಾಗಿ ಖಂಡಿಸಿದ ಅದೇ ಓಲೆಯಲ್ಲಿ ‘ಹೊರಾಂಗಣ’ ಎಂಬ ಪದವಿದೆ. ‘ಹೊರ’ ಕನ್ನಡ, ‘ಅಂಗಣ’ ಸಂಸ್ಕೃತ, ಸಂಧಿ ಸವರ್ಣದೀರ್ಘ. ‘ಒಳಾಂಗಣ ಕ್ರೀಡಾಂಗಣ’ ಎಂಬ ಫಲಕವನ್ನು ದಿನವೂ ಕಂಡು ಕಣ್ಣಿಗೆ ಅಭ್ಯಾಸವಾಗಿರುವುದರಿಂದ ಅದು ದೋಷವೆಂದು ತಿಳಿಯುವುದಿಲ್ಲ, ಅಷ್ಟೇ. ರೂಢಿಯೇ ಪ್ರಮಾಣವಾಗುವುದಾದರೆ ‘ನೋಟಾವಕಾಶ’ಕ್ಕೂ ಹತ್ತು ವರ್ಷ ಕೊಡಿ. ‘ಮಳೆಗಾಲ’ವನ್ನು ಯಾರೂ ಅರಿಸಮಾಸವೆಂದು ಬಿಟ್ಟಿಲ್ಲವಲ್ಲ.

ಉತ್ತರ 3

ಎರಡೂ ಓಲೆಗಳು ಅನಗತ್ಯವಾಗಿ ಸಂಸ್ಕೃತದ ಅಂಗಳದಲ್ಲೇ ಸುತ್ತುತ್ತಿವೆ. ಕನ್ನಡದಲ್ಲಿ ‘ತೆರಪು’ ಎಂಬ ಪದವಿದೆ. ಎರಡು ವಸ್ತುಗಳ ನಡುವೆ ಬಿಟ್ಟ ಬರಿದಾದ ಜಾಗಕ್ಕೂ, ಎರಡು ಕೆಲಸಗಳ ನಡುವಿನ ಬಿಡುವಿಗೂ ಅದು ಸಲ್ಲುತ್ತದೆ. ‘ತೆರಪಿಲ್ಲದೆ ಸುರಿದ ಮಳೆ’ ಎಂಬ ಬಳಕೆ ಎಲ್ಲರಿಗೂ ಗೊತ್ತು. ‘ತಲೆಯ ತೆರಪು’, ‘ನೋಟದ ತೆರಪು’ ಎಂದು ಬಾಣದ ತುದಿಗೆ ಬರೆಯಿರಿ, ಜಾಗವೂ ಸಾಲುತ್ತದೆ. ಒಂದು ಎಚ್ಚರಿಕೆ: ಅದರ ಒಡಹುಟ್ಟಾದ ‘ತೆರವು’ ಬೇಡ. ಒತ್ತುವರಿ ತೆರವಿನ ಸುದ್ದಿ ಓದಿದವರಿಗೆ ‘ತಲೆ ತೆರವು’ ಎಂದರೆ ಬೇರೆಯೇ ಕೆಲಸ.

ಗೋಲ್ಡನ್ ಅವರ್ ಎಂಬುದಕ್ಕೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ಬೆಳಗಿನದು ‘ಎಳೆಬಿಸಿಲು’, ಸಂಜೆಯದು ‘ಇಳಿಬಿಸಿಲು’, ಎರಡಕ್ಕೂ ಸೇರಿ ‘ಹೊಂಬಿಸಿಲು’. ಕೈಪಿಡಿ ಬೇಸಿಗೆಯದಾದ್ದರಿಂದ ಈ ಭೇದ ಬೇಕೇ ಬೇಕು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ; ಆ ವಾರಗಳ ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲಿರುವುದರಿಂದ ಮಗುವಿನ ಕಣ್ಣುಗಳು ಹುಬ್ಬಿನ ನೆರಳಿನಲ್ಲಿ ಹೂತುಹೋಗಿ, ಮೂಗಿನ ತುದಿಯೊಂದೇ ಬೆಳಗುತ್ತದೆ.

ಕ್ರಾಪ್ ಎಂಬುದಕ್ಕೆ ‘ಸವರು’ ಇದೆ. ಬೇಲಿ ಸವರುತ್ತೇವೆ, ಗಿಡ ಸವರುತ್ತೇವೆ, ಚಿತ್ರವನ್ನೂ ಸವರಬಹುದು. ಫ್ರೇಮ್ ಎಂಬುದಕ್ಕೆ ಅಚ್ಚಗನ್ನಡದ ‘ಚೌಕಟ್ಟು’ ಇರುವಾಗ ಬೇರೇನೂ ಬೇಡ; ‘ಕಟ್ಟು’ ಎಂಬ ಧಾತುವೇ ಅದರ ಕನ್ನಡತನಕ್ಕೆ ಸಾಕ್ಷಿ. ಕೊನೆಯದಾಗಿ, ‘ಭಾವಚಿತ್ರ’ವನ್ನು ದಯವಿಟ್ಟು ಕೈಬಿಡಿ. ಅರ್ಜಿಯ ಮೂಲೆಯಲ್ಲಿ ಅಂಟಿಸುವುದು ಭಾವಚಿತ್ರ, ಗಣ್ಯರ ಜಯಂತಿಯಲ್ಲಿ ಮೆರವಣಿಗೆ ಹೋಗುವುದು ಭಾವಚಿತ್ರ, ನುಡಿನಮನದಲ್ಲಿ ಪುಷ್ಪಾರ್ಚನೆ ಆಗುವುದೂ ಭಾವಚಿತ್ರಕ್ಕೇ. ಆಡುವ ಮಕ್ಕಳಿಗೆ ಆ ಪದ ಬೇಡ.

ಉತ್ತರ 4

‘ಚೌಕಟ್ಟು’ ಅಚ್ಚಗನ್ನಡವಲ್ಲ. ಮರಾಠಿಯ ‘ಚೌಕಟ್’, ಹಿಂದಿಯ ‘ಚೌಖಟ್’ ನೋಡಿ. ನಾಲ್ಕು ಮರದ ತುಂಡು ಎಂಬ ಅರ್ಥದ ‘ಚತುಷ್ಕಾಷ್ಠ’ದಿಂದ ಬಂದವು. ಅದನ್ನೇ ನಮ್ಮವರು ತಮ್ಮ ಕಿವಿಗೆ ಹೊಂದುವಂತೆ ‘ಕಟ್ಟು’ ಮಾಡಿಕೊಂಡಿದ್ದಾರೆ. ಹಾಗೆ ಮಾಡಿಕೊಂಡಿದ್ದು ತಪ್ಪಲ್ಲ, ಅಚ್ಚಗನ್ನಡವೆಂದು ಬೀಗುವುದು ತಪ್ಪು. ಕಿಟಕಿ, ಕುರ್ಚಿ, ಮೇಜು, ಅಲಮಾರು ಎಲ್ಲವೂ ಹೀಗೆಯೇ ಹೊರಗಿನಿಂದ ಬಂದವು. ನೂರು ವರ್ಷದಿಂದ ಸ್ಟುಡಿಯೋಗಳಲ್ಲಿ ಕೇಳಿಬರುವ ‘ಫ್ರೇಮು’ ಕೂಡ ಒಳಗೆ ಬಂದು ಕುಳಿತಿದೆ. ‘ಫ್ರೇಮು’ ಎಂದೇ ಬರೆಯಿರಿ, ಚರ್ಚೆ ಮುಗಿಯಲಿ.

ಉತ್ತರ 5

ಧ್ವನಿಸಾಮ್ಯವೊಂದನ್ನೇ ಹಿಡಿದು ಪದದ ಹುಟ್ಟು ನಿರ್ಣಯಿಸುವುದು ಕಾಲಹರಣ. ‘ಚೌ’ ಹೊರಗಿನದೆಂದು ಒಪ್ಪಿದರೂ ‘ಕಟ್ಟು’ ನಮ್ಮದಲ್ಲವೆಂದು ಸಾಧಿಸಲು ಇನ್ನೂ ಬಹಳ ಕೆಲಸವಿದೆ. ‘ಮಳೆಗಾಲ’ದ ಮಾತೆತ್ತಿದವರಿಗೆ: ಅಲ್ಲಿರುವುದು ಕನ್ನಡದ ಆದೇಶಸಂಧಿ. ಸಂಧಿಯ ಭೇದ ತಿಳಿಯದವರು ಕೇಶಿರಾಜನೊಡನೆ ವಾದಕ್ಕಿಳಿಯಬಾರದು. ಮೊದಲ ಉತ್ತರದಲ್ಲಿ ನಾನು ಬರೆದ ‘ಹೊರಾಂಗಣ’ವನ್ನು ಹಿಂತೆಗೆದುಕೊಳ್ಳುತ್ತೇನೆ, ‘ಬಯಲು’ ಎನ್ನಿ.

ಉತ್ತರ 6

‘ಬಯಲು’ ಎಂಬುದಕ್ಕೆ ಬಯಲಾಟ, ಬಯಲುಸೀಮೆಗಳ ಗೌರವ ಇದೆಯಾದರೂ ‘ಬಯಲು ಶೌಚ’ದ ಗೋಡೆಬರಹಗಳು ಅದನ್ನು ಮಕ್ಕಳ ಕೈಪಿಡಿಗೆ ಸ್ವಲ್ಪ ದೂರ ಮಾಡಿವೆ. ‘ಮನೆಯ ಹೊರಗೆ’ ಎಂದರೆ ಯಾರಿಗೆ ಏನು ನಷ್ಟವೆಂದು ತಿಳಿಯದು.

ಮಕ್ಕಳ ಚಿತ್ರ ತೆಗೆಯುವ ಕಸುಬಿನವನಾಗಿ ಹೇಳುವುದಾದರೆ, ಇಷ್ಟು ಹೊತ್ತು ನಾಮಪದಗಳನ್ನೇ ಹುಡುಕುತ್ತಿರುವುದು ಈ ಚರ್ಚೆಯ ದೌರ್ಬಲ್ಯ. ಇಂಗ್ಲಿಷ್ ಕೈಪಿಡಿ ಜಾಗಕ್ಕೊಂದು, ಬೆಳಕಿಗೊಂದು, ಕತ್ತರಿಗೊಂದು ಹೆಸರಿಟ್ಟು ಆಮೇಲೆ ವಾಕ್ಯ ಕಟ್ಟುತ್ತದೆ. ನಾವು ಎದುರಿಗಿದ್ದವರಿಗೆ ಹೇಳುವಾಗ ‘ತಲೆ ಮೇಲೆ ಸ್ವಲ್ಪ ಜಾಗ ಬಿಡಿ’, ‘ಅವಳು ಓಡುವ ಕಡೆ ಹೆಚ್ಚು ಬಿಡಿ, ಬೆನ್ನ ಹಿಂದೆ ಕಡಿಮೆ ಸಾಕು’ ಎನ್ನುತ್ತೇವೆ. ಬಿಡು, ತುಂಬು, ಸರಿಸು, ಕೂರಿಸು ಎಂಬ ಕ್ರಿಯಾಪದಗಳಲ್ಲೇ ಸಂಯೋಜನೆಯ ಪಾಠ ಮುಗಿಯುತ್ತದೆ. ‘ಫ್ರೇಮಿಂಗ್’ ಎಂಬ ತಲೆಬರಹಕ್ಕೂ ‘ಏನನ್ನು ಒಳಗಿಡಬೇಕು, ಏನನ್ನು ಹೊರಗಿಡಬೇಕು’ ಎಂದು ಬರೆದುಬಿಟ್ಟರೆ, ಚೌಕಟ್ಟು ಮರಾಠಿಯೋ ಕನ್ನಡವೋ ಎಂಬ ಪ್ರಶ್ನೆ ನಾಳೆಯ ಅಚ್ಚಿಗೆ ಅಡ್ಡ ಬರುವುದಿಲ್ಲ.

ಹೆಚ್ಚು ಯೋಚನೆ ಬೇಕಾಗಿರುವುದು ಕ್ರಾಪ್ ಎಂಬುದಕ್ಕೆ. ಮೂಲದಲ್ಲಿ ‘ಕೀಲುಗಳಲ್ಲಿ ಕ್ರಾಪ್ ಮಾಡಬೇಡಿ’ ಎಂಬ ಸೂಚನೆ ಖಂಡಿತ ಇರುತ್ತದೆ. ಅದನ್ನು ‘ಮಗುವನ್ನು ಮೊಣಕಾಲಿನಲ್ಲಿ ಕತ್ತರಿಸಬೇಡಿ’ ಎಂದು ತಂದರೆ ತಾಯಂದಿರು ಕೈಪಿಡಿಯನ್ನು ಅಲ್ಲಿಯೇ ಮಡಿಸಿಡುತ್ತಾರೆ. ‘ಕರ್ತನ’ ಎಂದರೆ ಅದೇ ಕತ್ತರಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತದೆ. ‘ಸವರು’ ಇನ್ನೂ ಅಪಾಯ, ಏಕೆಂದರೆ ‘ತಲೆ ಸವರಿ’ ಎಂದರೆ ಒಬ್ಬರು ಮಗುವನ್ನು ಮುದ್ದಿಸುತ್ತಾರೆ, ಇನ್ನೊಬ್ಬರು ಯಾರಿಗೋ ಮೋಸ ಮಾಡುವ ಮಾತೆಂದುಕೊಳ್ಳುತ್ತಾರೆ. ಮಗುವನ್ನು ಬಿಟ್ಟು ಅಂಚನ್ನು ಕರ್ತೃಪದ ಮಾಡಿ: ‘ಚಿತ್ರದ ಅಂಚು ಮೊಣಕಾಲು, ಮೊಣಕೈ, ಮಣಿಕಟ್ಟುಗಳ ಮೇಲೆ ಬೀಳದಿರಲಿ, ತೊಡೆಯ ನಡುವಿಗೋ ಸೊಂಟದ ಮೇಲಕ್ಕೋ ಬೀಳಲಿ.’ ಇದೇ ‘ಅಂಚು’ ಮುಂದೆಯೂ ನೆರವಿಗೆ ಬರುತ್ತದೆ. ಹಿಂದಿನ ಕೆರೆಯ ಅಂಚೋ ಬೇಲಿಯ ಗೆರೆಯೋ ಮಗುವಿನ ಕುತ್ತಿಗೆಯ ಮಟ್ಟದಲ್ಲಿ ಹಾದುಹೋಗಬಾರದು ಎಂಬುದನ್ನೂ, ಮುದ್ರಣದ ಲೆಕ್ಕವನ್ನೂ ಅದರಿಂದಲೇ ಹೇಳಬಹುದು. ಅನೇಕ ಕ್ಯಾಮೆರಾಗಳ ಚಿತ್ರ 2:3ರ ಅಳತೆಯದು. 4×6 ಇಂಚಿನ ಕಾಗದಕ್ಕೆ ಅದು ಪೂರ್ತಿ ಹೊಂದುತ್ತದೆ, ಆದರೆ 8 ಇಂಚು ಅಗಲಕ್ಕೆ ಹಿಗ್ಗಿಸಿದಾಗ 12 ಇಂಚು ಉದ್ದ ಬೇಕಾಗುವುದರಿಂದ 8×10ರ ಕಾಗದದಲ್ಲಿ 2 ಇಂಚು ಹೋಗುತ್ತದೆ. ಮೇಲೆ ತೆರಪಿಲ್ಲದೆ ತೆಗೆದ ಚಿತ್ರದಲ್ಲಿ ಹೋಗುವುದು ಮಗುವಿನ ಜುಟ್ಟು.

ತೆರಪಿನ ಅಳತೆ ದೊಡ್ಡವರಿಗೂ ಮಕ್ಕಳಿಗೂ ಒಂದೇ ಅಲ್ಲ ಎಂಬುದನ್ನೂ ಕೈಪಿಡಿಯಲ್ಲಿ ಸೇರಿಸಿ. ಹುಟ್ಟಿದ ಕೂಸಿನ ತಲೆ ಅದರ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ. ದೊಡ್ಡವರಲ್ಲಿ ಅದು ಏಳನೆಯ ಒಂದು ಭಾಗದ ಆಸುಪಾಸು. ನಿಂತಲ್ಲಿಂದ ಕ್ಯಾಮೆರಾ ಕೆಳಗೆ ಬಾಗಿಸಿ ತೆಗೆದರೆ ಮೊದಲೇ ದೊಡ್ಡದಾದ ತಲೆ ಇನ್ನೂ ಹಿಗ್ಗಿ, ಕಾಲುಗಳು ಮಾಯವಾಗುತ್ತವೆ. ಅದಕ್ಕೆ ‘ಐ ಲೆವೆಲ್’ ಎಂದಿರುವಲ್ಲಿ ‘ಕುಕ್ಕರಗಾಲಲ್ಲಿ ಕುಳಿತು, ಮಗುವಿನ ಕಣ್ಣಿನ ಎತ್ತರಕ್ಕೆ ಬನ್ನಿ’ ಎಂದು ಬರೆಯಿರಿ. ‘ಕಣ್ಣಮಟ್ಟ’ ಎಂದು ನಾಮಪದ ಮಾಡಿಟ್ಟರೆ ಯಾರೂ ಕೂರುವುದಿಲ್ಲ.

‘ರೂಲ್ ಆಫ್ ಥರ್ಡ್ಸ್’ (ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಪಾಲು ಮಾಡಿ, ಮುಖ್ಯವಾದುದನ್ನು ಆ ಗೆರೆಗಳ ಮೇಲಿಡುವುದು) ಬಂದರೆ ‘ಮೂರು ಪಾಲಿನ ಸೂತ್ರ’ ಸಾಕು. ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಆ ಹೆಸರು ಕೊಟ್ಟಿದ್ದು ನಿಸರ್ಗದೃಶ್ಯದ ವರ್ಣಚಿತ್ರಗಳ ವಿಷಯದಲ್ಲಿ. ಮಗುವಿನ ಮುಖವನ್ನು ನಡುಮಧ್ಯಕ್ಕೆ ತಂದು ತೆಗೆದವರನ್ನು ಅದು ಅಪರಾಧಿಗಳನ್ನಾಗಿ ಮಾಡುವುದಿಲ್ಲ. ಇನ್ನೊಂದು ಮಾತು: ಮೂಲದಲ್ಲಿ ‘ಪೋರ್ಟ್ರೇಟ್’ ಎಂಬುದು ಕೆಲವೆಡೆ ಚಿತ್ರವನ್ನು ಉದ್ದುದ್ದಕ್ಕೆ ಹಿಡಿಯುವುದನ್ನು ಹೇಳುತ್ತದೆ. ಅಲ್ಲೆಲ್ಲ ‘ಭಾವಚಿತ್ರ’ ನುಸುಳಿದೆಯೇ ಎಂದು ಒಮ್ಮೆ ನೋಡಿ. ನಮ್ಮಲ್ಲಿ ‘ಉದ್ದಕ್ಕೆ’, ‘ಅಡ್ಡಕ್ಕೆ’ ಎಂದಷ್ಟೇ ಹೇಳುತ್ತೇವೆ.

ಕೇಳಿದವರು

ಎಲ್ಲರಿಗೂ ವಂದನೆಗಳು. ನುಸುಳಿತ್ತು, ಪುಟ 3ರಲ್ಲಿ ‘ಫೋನನ್ನು ಭಾವಚಿತ್ರವಾಗಿ ಹಿಡಿಯಿರಿ’ ಎಂದಿದ್ದುದನ್ನು ತಿದ್ದಿದೆ. ಕ್ರಿಯಾಪದಗಳ ಸಲಹೆಯನ್ನು ಪಠ್ಯದುದ್ದಕ್ಕೂ ಅನುಸರಿಸಿದ್ದೇನೆ, ಆದರೆ ಬಾಣದ ತುದಿಯಲ್ಲಿ ವಾಕ್ಯ ಹಿಡಿಸದ ಕಾರಣ ಅಲ್ಲಿ ‘ತಲೆಯ ತೆರಪು’, ‘ನೋಟದ ತೆರಪು’ ಎಂದಿರುತ್ತದೆ. ಓಡುವ ಹುಡುಗಿಯ ಮುಂದಿನ ಜಾಗಕ್ಕೆ ‘ನೋಟ’ ಎನ್ನುವುದು ಪೂರ್ತಿ ಸರಿಯಲ್ಲವೆಂಬ ಅನುಮಾನವಿತ್ತು. ಚಿತ್ರಕಾರರು ಅವಳ ಮುಖವನ್ನು ಓಟದ ದಿಕ್ಕಿಗೇ ತಿರುಗಿಸಿಕೊಟ್ಟರು. ‘ಹೊಂಬಿಸಿಲು’ ಯಾವ ಆಕ್ಷೇಪವೂ ಇಲ್ಲದೆ ಒಳಗೆ ಬಂದಿದೆ. ತಲೆಬರಹ ‘ಮನೆಯ ಹೊರಗೆ ಮಕ್ಕಳ ಚಿತ್ರ: ಏನು ಒಳಗೆ, ಏನು ಹೊರಗೆ’. ‘ಚೌಕಟ್ಟು’ ಒಂದೇ ಕಡೆ ಉಳಿದಿದೆ. ಆಲದ ಬಿಳಲುಗಳ ನಡುವೆಯೋ ಬಾಗಿಲವಾಡದಲ್ಲೋ ಮಗುವನ್ನು ನಿಲ್ಲಿಸುವ ವಿಷಯದಲ್ಲಿ ಅದು ಅಕ್ಷರಶಃ ಚೌಕಟ್ಟೇ ಆಗಿರುವುದರಿಂದ ಬಿಡಲಿಲ್ಲ.

ಉತ್ತರ 7

‘ತೆರಪು’ ಎಂಬಲ್ಲಿ ಮೂಲತಃ ಇದ್ದದ್ದು ಶಕಟರೇಫ, ಅಂದರೆ ಹಳಗನ್ನಡದ ‘ಱ’ ಅಕ್ಷರ: ‘ತೆಱಪು’. ಬಾಗಿಲು ತೆಱೆಯುವುದು ಒಂದು, ನಾಟಕದ ತೆರೆ ಇನ್ನೊಂದು. ಆ ಅಕ್ಷರವನ್ನು ಕೈಬಿಟ್ಟ ಮೇಲೆ ತೆರೆಯುವುದಕ್ಕೂ ಮರೆಮಾಡುವುದಕ್ಕೂ ಬರಹದಲ್ಲಿ ಭೇದವೇ ಉಳಿಯಲಿಲ್ಲ. ಕೈಪಿಡಿಯಲ್ಲಿ ‘ರ’ ಇರಲಿ, ಆಕ್ಷೇಪವಿಲ್ಲ. ‘ಮೂರು ಪಾಲಿನ ಸೂತ್ರ’ವನ್ನು ಮಾತ್ರ ಸಮಾಸ ಮಾಡಲು ಹೋಗಬೇಡಿ.