ಪ್ರಮಾಣಪತ್ರ ಬೇಡ, ವಿಷಯ ತಿಳಿದರೆ ಸಾಕು: ಉಚಿತ ಕಾಲೇಜು ಪಾಠಗಳನ್ನು ಓದುವುದು ಹೇಗೆ?

ಪ್ರಶ್ನೆ: ಅಘನಾಶಿನಿ ದಂಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನವಳು, ವಯಸ್ಸು 53. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ, ಮುಂದೆ ಓದಲು ಆಗಲಿಲ್ಲ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ಮಧ್ಯಾಹ್ನದ ಊಟ ಮುಗಿದ ಮೇಲಿನ ಎರಡು ತಾಸು ಈಗ ನನ್ನದೇ.

ನಮ್ಮ ಮನೆಯದು ಗಜನಿ ಗದ್ದೆ, ಅಂದರೆ ಹೊಳೆಯ ಉಪ್ಪುನೀರು ಏರಿ ಬರುವ ತಗ್ಗಿನ ಗದ್ದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರು ಪಂಚಾಂಗದಲ್ಲಿ ತಿಥಿ ನೋಡಿ, ಇಂದು ಭರತ (ಸಮುದ್ರದ ಉಬ್ಬರ) ಇಷ್ಟು ಹೊತ್ತಿಗೆ ಎಂದು ಹೇಳಿ, ತೂಬಿನ ಹಲಗೆ ಹಾಕಲು ಹೊರಡುತ್ತಿದ್ದರು. ಒಂದು ತಿಥಿಗೆ ಎರಡು ಗಳಿಗೆ ತಡ ಎಂಬುದು ಅವರ ಲೆಕ್ಕ. ಗಳಿಗೆ ಎಂದರೆ 24 ನಿಮಿಷ. ಹಾಗಾಗಿ ದಿನಕ್ಕೆ 48 ನಿಮಿಷ. ಅದು ಏಕೆ ಹಾಗೆ ಎಂದು ನಾನು ಆಗ ಕೇಳಲಿಲ್ಲ, ಈಗ ಕೇಳೋಣವೆಂದರೆ ಅವರಿಲ್ಲ. ಚಂದ್ರ ದಿನಕ್ಕೊಮ್ಮೆ ಮಾತ್ರ ನೆತ್ತಿಯ ಮೇಲೆ ಹಾದುಹೋಗುವಾಗ ಭರತ ಮಾತ್ರ ಎರಡು ಸಲ ಏಕೆ ಬರುತ್ತದೆ ಎಂಬುದೂ ನನಗೆ ಇಂದಿಗೂ ಬಿಡಿಸಲಾಗದ ಒಗಟು.

ಕಾಲೇಜಿನ ಪಾಠಗಳೇ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ ಎಂದು ಮಗಳು ತೋರಿಸಿಕೊಟ್ಟಳು. ಎರಡು ಕೋರ್ಸುಗಳಿಗೆ ಹೆಸರು ಹಚ್ಚಿದೆ. ಎರಡೂ ಮೂರನೆಯ ವಾರಕ್ಕೆ ನಿಂತುಹೋದವು. ಪಾಠ ಕೇಳುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ಮರುದಿನ ನೆನಪಿಸಿಕೊಂಡರೆ ಏನೂ ಉಳಿದಿರುವುದಿಲ್ಲ. ನನಗೆ ನೌಕರಿಯೂ ಬೇಡ, ಪ್ರಮಾಣಪತ್ರವೂ ಬೇಡ. ಇಂಥವಳು ಎಲ್ಲಿಂದ ಆರಂಭಿಸಬೇಕು, ಪರೀಕ್ಷೆಗೆ ಕೂರಬೇಕೇ, ಇಂಗ್ಲಿಷಿನ ತೊಡಕಿಗೆ ಏನು ಮಾಡಬೇಕು ಎಂದು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಸಿರಸಿ ತೋಟಿಗ

ಅಕ್ಕಾ, ನನ್ನದು ಸಿರಸಿಯಿಂದ ಒಳಗಿರುವ ಹಳ್ಳಿ, ಅಡಿಕೆ ತೋಟ. ನಮ್ಮ ತಂದೆಯವರು ಮಳೆಮಾಪಕ ಇಟ್ಟುಕೊಂಡು ಮೂವತ್ತು ವರ್ಷಗಳ ಮಳೆಯನ್ನು ದಿನದಿನವೂ ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಅವುಗಳನ್ನು ಓದಲು ಕಲಿಯಬೇಕೆಂಬ ಒಂದೇ ಆಸೆಯಿಂದ ನಾನು ಎನ್‌ಪಿಟಿಇಎಲ್‌ನಲ್ಲಿ ಸಂಖ್ಯಾಶಾಸ್ತ್ರದ ಕೋರ್ಸು ತೆಗೆದುಕೊಂಡೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆ ಅದು. ಹೆಸರು ನೋಂದಾಯಿಸಲು ಹಣವಿಲ್ಲ. ಕೊನೆಯ ಪರೀಕ್ಷೆಗೆ ಮಾತ್ರ ಶುಲ್ಕವಿದೆ.

ನಾನು ಪರೀಕ್ಷೆ ಬರೆದೆ, ನೀವೂ ಬರೆಯಿರಿ ಎಂದೇ ಹೇಳುತ್ತೇನೆ. ವಾರವಾರದ ಅಸೈನ್‌ಮೆಂಟುಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಹನ್ನೆರಡು ವಾರಗಳ ಕೋರ್ಸಿನಲ್ಲಿ ಚೆನ್ನಾಗಿ ಬಂದ ಎಂಟು ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ, ನೆಂಟರಿಷ್ಟರು ಬಂದು ಒಂದೆರಡು ವಾರ ತಪ್ಪಿದರೂ ಭಯವಿಲ್ಲ. ಅಂಕ ನನಗೆ ಮುಖ್ಯವಾಗಿರಲಿಲ್ಲ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಗುರುತು ಹಾಕಿದ್ದರಿಂದಲೇ ದಿನವೂ ಪುಸ್ತಕ ತೆರೆದೆ.

ಫಲವೇನು ಎಂದರೆ, ಜುಲೈ ತಿಂಗಳ ಸರಾಸರಿ ಮಳೆ ಎಂಬ ಒಂದೇ ಸಂಖ್ಯೆಯಿಂದ ನನ್ನ ತೋಟದ ಬಗ್ಗೆ ಏನೂ ತಿಳಿಯದು ಎಂಬುದು ಮನದಟ್ಟಾಯಿತು. ಕೊಳೆರೋಗಕ್ಕೆ ಒಟ್ಟು ಮಳೆಗಿಂತಲೂ ಎಡೆಬಿಡದೆ ಮಳೆ ಸುರಿದ ದಿನಗಳು ಮುಖ್ಯ. ನಾನು ಆ ದಿನಗಳನ್ನು ತಂದೆಯವರ ಅಕ್ಷರದಲ್ಲೇ ಎಣಿಸಿ ಪಟ್ಟಿ ಮಾಡಿದ್ದೇನೆ.

ಒಂದು ಎಚ್ಚರಿಕೆಯ ಮಾತು. ತರಗತಿಗಳು ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಶುರುವಾಗುತ್ತವೆ. ನಮ್ಮ ಜಿಲ್ಲೆಯಲ್ಲಿ ಜುಲೈಯೆಂದರೆ ಕರೆಂಟಿಲ್ಲದ, ನೆಟ್‌ವರ್ಕಿಲ್ಲದ ತಿಂಗಳು. ಜನವರಿಯದನ್ನೇ ಆರಿಸಿಕೊಳ್ಳಿ. ನಾನು ಪೇಟೆಗೆ ಹೋದಾಗ ವಾರದ ಪಾಠಗಳನ್ನು ಮೊಬೈಲಿಗೆ ಇಳಿಸಿಕೊಂಡು ಬರುತ್ತಿದ್ದೆ.

ಉತ್ತರ 2: ಕಾರವಾರದ ನಿವೃತ್ತ ಮಾಸ್ತರು

ತಾಯೀ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಭೌತಶಾಸ್ತ್ರವನ್ನು ಕಲಿಸಿದವನು ನಾನು. ಮಾವನವರ ಎರಡು ಗಳಿಗೆಯ ಲೆಕ್ಕದಿಂದ ಹೊರಟು ಈ ಶಾಸ್ತ್ರಕ್ಕೆ ಬರುವ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ.

ಎರಡು ಭರತಗಳ ವಿಷಯ ಹೀಗಿದೆ. ಚಂದ್ರನ ಸೆಳೆತ ಸಮೀಪದ ನೀರಿಗೆ ಹೆಚ್ಚು, ಭೂಮಿಯ ನಡುಭಾಗಕ್ಕೆ ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರಿಗೆ ಇನ್ನೂ ಕಡಿಮೆ. ಈಚೆಯ ನೀರು ಭೂಮಿಗಿಂತ ಮುಂದಕ್ಕೆ ಸೆಳೆಯಲ್ಪಟ್ಟರೆ ಆಚೆಯ ನೀರು ಭೂಮಿಗಿಂತ ಹಿಂದೆ ಉಳಿಯುತ್ತದೆ. ಹೀಗೆ ಎರಡೂ ಕಡೆ ಉಬ್ಬುತ್ತದೆ. ಭರತವನ್ನು ಉಂಟುಮಾಡುವುದು ಸೆಳೆತವಲ್ಲ, ಸೆಳೆತದಲ್ಲಿನ ವ್ಯತ್ಯಾಸ. ಭೂಮಿಯ ಮೇಲೆ ಸೂರ್ಯನ ಒಟ್ಟು ಸೆಳೆತ ಚಂದ್ರನದಕ್ಕಿಂತ ನೂರೈವತ್ತು ಪಟ್ಟಿಗೂ ಹೆಚ್ಚಾಗಿದ್ದರೂ, ಭರತದಲ್ಲಿ ಅವನ ಪಾಲು ಚಂದ್ರನದರ ಅರ್ಧಕ್ಕಿಂತ ಕಡಿಮೆ ಇರುವುದು ಇದರಿಂದಲೇ, ಏಕೆಂದರೆ ಈ ವ್ಯತ್ಯಾಸವು ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ನ್ಯೂಟನ್ 1687ರಲ್ಲಿ ಇದರ ತಳಹದಿಯನ್ನು ತೋರಿಸಿದ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತಾನೂ ಮುಂದೆ ಸರಿದಿರುತ್ತಾನೆ. ಅವನನ್ನು ಮತ್ತೆ ಹಿಡಿಯಲು ಇನ್ನೂ ಸುಮಾರು 50 ನಿಮಿಷ ಬೇಕು. ಮಾವನವರ 48 ನಿಮಿಷ ಇದಕ್ಕೆ ಎಷ್ಟು ಹತ್ತಿರವಿದೆ ನೋಡಿ.

ಆದರೆ ನಾನು ಹೀಗೆ ಬರೆದುಕೊಟ್ಟದ್ದು ನಿಮ್ಮದಾಗುವುದಿಲ್ಲ. ಕೇಳಿದಾಗ ಅರ್ಥವಾದದ್ದು ಮರುದಿನ ಮಾಯವಾಗುವುದು ವಯಸ್ಸಿನಿಂದಲ್ಲ, ಕೈ ಕೆಲಸ ಮಾಡದಿರುವುದರಿಂದ. ಯೇಲ್ ವಿಶ್ವವಿದ್ಯಾಲಯದ ಓಪನ್ ಯೇಲ್ ಕೋರ್ಸಸ್‌ನಲ್ಲಿ ಪ್ರೊಫೆಸರ್ ಆರ್. ಶಂಕರ್ ಅವರು ತರಗತಿಯಲ್ಲಿ ನಿಂತು ಮಾಡಿದ ಭೌತಶಾಸ್ತ್ರದ 24 ಪಾಠಗಳಿವೆ. ಅವರು ಮದ್ರಾಸ್ ಐಐಟಿಯಲ್ಲಿ ಓದಿದವರು. ಅವರ ಇಂಗ್ಲಿಷು ನಮ್ಮ ಕಿವಿಗೆ ಒಗ್ಗುತ್ತದೆ. ಪ್ರತಿ ಪಾಠದ ಮಾತುಗಳು ಅಕ್ಷರರೂಪದಲ್ಲಿಯೂ ಸಿಗುವುದರಿಂದ ಮೊದಲು ಓದಿ, ಆಮೇಲೆ ಕೇಳಿ. ಜೊತೆಗಿರುವ ಲೆಕ್ಕಗಳನ್ನು ಉತ್ತರ ನೋಡದೆ ಪೆನ್ಸಿಲಿನಿಂದ ಬಿಡಿಸಿ. ಒಂದು ಲೆಕ್ಕಕ್ಕೆ ಮೂರು ದಿನ ಹಿಡಿದರೆ ಮೂರು ದಿನವೇ ಆಗಲಿ. ಅಮೆರಿಕದ ಎಂಐಟಿಯ ಓಪನ್‌ಕೋರ್ಸ್‌ವೇರ್ ಕೂಡ ಹೀಗೆಯೇ. ನೋಂದಣಿ ಇಲ್ಲ, ಗಡುವಿಲ್ಲ, ಹಣವಿಲ್ಲ. ಕೋರ್ಸೆರಾದಂಥ ಕಡೆ ಎಷ್ಟೋ ಕೋರ್ಸುಗಳಲ್ಲಿ ಅಂಕ ಕೊಡುವ ಅಸೈನ್‌ಮೆಂಟುಗಳಿಗೆ ಹಣ ಕೇಳುತ್ತಾರೆ. ಸೇರುವ ಮೊದಲು ನೋಡಿಕೊಳ್ಳಿ. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಕನ್ನಡ ಅನುವಾದವೂ ಇದೆ.

ಪರೀಕ್ಷೆಯ ವಿಷಯದಲ್ಲಿ ಸಿರಸಿಯ ಮಿತ್ರರ ಮಾತನ್ನು ನಾನು ಒಪ್ಪಲಾರೆ. ತಾರೀಖು ಬೇಕು ಎಂಬುದು ನಿಜ, ಆದರೆ ನಿಮಗೆ ತಾರೀಖು ಕೊಡಲು ಪಂಚಾಂಗವೇ ಇದೆ. ಮುಂದಿನ ಅಮಾವಾಸ್ಯೆಗೆ ಭರತ ಎಷ್ಟು ಹೊತ್ತಿಗೆ ಏರುತ್ತದೆ ಎಂದು ಲೆಕ್ಕ ಹಾಕಿ ಬರೆದಿಡಿ, ಆಮೇಲೆ ದೋಣಿ ನಿಲ್ಲುವ ಧಕ್ಕೆಯಲ್ಲಿ ಗಡಿಯಾರ ಹಿಡಿದು ನಿಲ್ಲಿ. ಅದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷಕರು ಯಾವ ಐಐಟಿಯಲ್ಲೂ ಇಲ್ಲ.

ಉತ್ತರ 3: ಹೊನ್ನಾವರದ ಹೊಲಿಗೆಯವಳು

ಅಕ್ಕಾ, ನನಗೂ ಒಬ್ಬಳೇ ಓದಿದಾಗ ಕೋರ್ಸುಗಳು ಅರ್ಧಕ್ಕೇ ನಿಂತವು. ಈಗ ನಾವು ಮೂವರು ಭಾನುವಾರ ಸಂಜೆ ಫೋನಿನಲ್ಲಿ ಸೇರಿ, ಆ ವಾರ ಬಿಡಿಸಲಾಗದ ಒಂದೊಂದು ಲೆಕ್ಕವನ್ನು ಓದಿ ಹೇಳುತ್ತೇವೆ. ಬಿಡಿಸಿದ್ದನ್ನಲ್ಲ, ಬಿಡಿಸಲಾಗದ್ದನ್ನು. ಇಂಗ್ಲಿಷಿನ ಪದಗಳಿಗೆ ನಾವೇ ಕನ್ನಡ ಬರೆದುಕೊಂಡ ಪಟ್ಟಿ ನೂರಿಪ್ಪತ್ತು ಪದಗಳಿಗೆ ಬಂದಿದೆ. ನೀವೂ ನಮ್ಮೊಡನೆ ಸೇರಬಹುದು.

ಮರಳಿ ಪ್ರಶ್ನೆ ಕೇಳಿದವರಿಂದ: ಅಘನಾಶಿನಿ ದಂಡೆಯವಳು

ಎಲ್ಲರಿಗೂ ಕೃತಜ್ಞತೆಗಳು. ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಶಂಕರ್ ಅವರ ಪಾಠಗಳಲ್ಲಿ ನಾಲ್ಕು ಮುಗಿದಿವೆ, ಐದನೆಯದು ನಡೆದಿದೆ. ಭಾನುವಾರದ ಫೋನಿಗೂ ಸೇರಿದ್ದೇನೆ. ಸಿರಸಿಯ ತಮ್ಮನ ಮಾತಿನಂತೆ ಕ್ಯಾಲೆಂಡರಿಗೆ ಗುರುತು ಹಾಕಿದ್ದೇನೆ, ಆದರೆ ಗುರುತು ಅಮಾವಾಸ್ಯೆಗೆ.

ಮಾಸ್ತರರು ಹೇಳಿದಂತೆ ಅಮಾವಾಸ್ಯೆಯಿಂದ ಐದು ದಿನ ಧಕ್ಕೆಗೆ ಹೋದೆ. ಮೆಟ್ಟಿಲ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ನೀರು ಏರುವಾಗ ಗೆರೆ ಮುಟ್ಟಿದ ಹೊತ್ತು ಮತ್ತು ಇಳಿಯುವಾಗ ಅದೇ ಗೆರೆ ಬಿಟ್ಟ ಹೊತ್ತು ಬರೆದುಕೊಂಡು, ಎರಡರ ನಡುವಿನದನ್ನು ಭರತದ ಹೊತ್ತೆಂದು ಹಿಡಿದೆ. ದಿನಕ್ಕೆ 50 ನಿಮಿಷ ಬರುತ್ತದೆಂದು ಕಾದಿದ್ದೆ. ನನಗೆ ಸಿಕ್ಕಿದ್ದು ಸರಾಸರಿ 40 ನಿಮಿಷ. ಮೊದಲು ನನ್ನ ಗಡಿಯಾರವನ್ನೇ ಅನುಮಾನಿಸಿದೆ, ಫೋನಿನ ಸಮಯದೊಡನೆ ಹೋಲಿಸಿದರೆ ಅದು ಸರಿಯಾಗಿಯೇ ಇತ್ತು.

ಅಮಾವಾಸ್ಯೆಯ ಸುತ್ತ ಸೂರ್ಯನೂ ಚಂದ್ರನೂ ಒಂದೇ ಸಾಲಿಗೆ ಬರುತ್ತಾರೆ. ಚಂದ್ರ ಸಾಲಿನಿಂದ ಸರಿಯತೊಡಗಿದಾಗ ಸೂರ್ಯ ಭರತವನ್ನು ತನ್ನ ಕಡೆಗೆ ಹಿಡಿದಿಟ್ಟುಕೊಳ್ಳುವುದರಿಂದ ಅದು ಚಂದ್ರನಷ್ಟು ತಡವಾಗುವುದಿಲ್ಲವೇ? ಹಾಗಿದ್ದರೆ ಅಷ್ಟಮಿಯ ಸುತ್ತ ಅದು 50 ನಿಮಿಷಕ್ಕಿಂತ ಹೆಚ್ಚಾಗಬೇಕು. ಮಾಸ್ತರರೇ, ದಯವಿಟ್ಟು ಈಗಲೇ ಉತ್ತರ ಹೇಳಬೇಡಿ. ಅಷ್ಟಮಿಗೆ ಇನ್ನು ಮೂರು ದಿನಗಳಿವೆ.