ಹೆಸರು ಮುಗಿಯೋವರೆಗೂ ಕೂರಬೇಕಾ?

ಸಿನಿಮಾ ನೋಡುವಾಗ ನಮ್ಮ ನಾಲ್ವರಲ್ಲಿ ಜಗಳವೇ ಇಲ್ಲ. ಜಗಳ ಶುರುವಾಗುವುದು ಸಿನಿಮಾ ಮುಗಿದ ಮೇಲೆ, ಹೆಸರುಗಳು ಪರದೆಯ ಮೇಲೆ ಇರುವೆ ಸಾಲಿನ ಹಾಗೆ ಹತ್ತತೊಡಗಿದಾಗ.

ಹೋದ ತಿಂಗಳೂ ಅಷ್ಟೇ. ಪದ್ಮ ಕತ್ತಲಲ್ಲೇ ಚಪ್ಪಲಿ ತಡಕಾಡುತ್ತಿದ್ದಳು. ಗುಂಡ ಬ್ಯಾಗು ಹೆಗಲಿಗೆ ಏರಿಸಿ ನಿಂತಿದ್ದ. ಸೀನ ಮಾತ್ರ ಕದಲಲಿಲ್ಲ. ಪಾಪ್‌ಕಾರ್ನ್ ಡಬ್ಬಿಯ ತಳ ಕೆದಕುತ್ತಾ ಕಾಲು ಚಾಚಿ ಕೂತಿದ್ದ. ಆ ಕಾಲು ದಾಟದೆ ನಮ್ಮ ಸಾಲಿನಿಂದ ಯಾರೂ ಹೊರಗೆ ಹೋಗುವ ಹಾಗಿಲ್ಲ.

ಆಮೇಲೆ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತಾಗ ಪಂಚಾಯ್ತಿ ಶುರುವಾಯಿತು.

"ಅಷ್ಟು ಜನ ವರ್ಷಗಟ್ಟಲೆ ಬೆವರು ಸುರಿಸಿರ್ತಾರೆ. ಅವರ ಹೆಸರು ಓದೋಕೆ ಐದು ನಿಮಿಷ ಇಲ್ವಾ ನಿಮಗೆ?" ಅಂದ ಸೀನ.

"ಓದಪ್ಪ, ಯಾರು ಬೇಡ ಅಂದ್ರು? ಇವತ್ತು ಓದಿದ್ದರಲ್ಲಿ ಒಂದು ಹೆಸರು ಹೇಳು ನೋಡೋಣ," ಅಂದಳು ಪದ್ಮ.

ಸೀನ ಸಕ್ಕರೆ ಕಮ್ಮಿ ಅಂತ ಕೌಂಟರ್ ಕಡೆ ಹೋದ.

ನಾನು ಪದ್ಮನ ಪಾರ್ಟಿ. ನಾನು ಬೆಳೆದದ್ದೇ ಹಾಗೆ. ನಮ್ಮೂರ ಟಾಕೀಸಿನ ಕಾಲದಲ್ಲಿ ಹೆಸರುಗಳೆಲ್ಲ ಮೊದಲೇ ಬಂದು ಹೋಗುತ್ತಿದ್ದವು. ಕೊನೆಗೆ ಉಳಿಯುತ್ತಿದ್ದದ್ದು 'ಶುಭಂ' ಒಂದೇ. ಅದನ್ನೂ ನಾನು ಕಂಡದ್ದು ಕಮ್ಮಿ. ಗೋಡೌನಿನ ಫೈಟು ಮುಗಿದು ಪೊಲೀಸ್ ಜೀಪಿನ ಸದ್ದು ಕೇಳಿತೋ ಇಲ್ಲವೋ, ಅಪ್ಪ ನನ್ನ ರಟ್ಟೆ ಹಿಡಿದು ಎಬ್ಬಿಸುತ್ತಿದ್ದರು. ಒಂಬತ್ತೂವರೆಗೆ ಕೊನೆ ಬಸ್ಸು. ಗೇಟ್ ಕಾಯುವವನೂ ಅದೇ ಜೀಪಿಗೆ ಕಾಯುತ್ತಿದ್ದವನಂತೆ ದಡಾರ್ ಅಂತ ಬಾಗಿಲು ತೆರೆಯುತ್ತಿದ್ದ. ಕಳ್ಳನಿಗೆ ಕೋಳ ಬಿತ್ತಾ, ಹೀರೋ ಮದುವೆ ಆಯ್ತಾ, ಒಂದೂ ಗೊತ್ತಿಲ್ಲ. ಎಷ್ಟೋ ಸಿನಿಮಾಗಳಲ್ಲಿ ನನ್ನ ಲೆಕ್ಕಕ್ಕೆ ಆ ಜೀಪು ಇನ್ನೂ ಬರುತ್ತಲೇ ಇದೆ.

"ನಿಮ್ಮಪ್ಪ ಬಿಡು," ಅಂದ ಗುಂಡ. "1962ರ ಯುದ್ಧ ಆದ್ಮೇಲೆ ಸಿನಿಮಾ ಕೊನೆಗೆ ರಾಷ್ಟ್ರಗೀತೆ ಹಾಕೋರಂತೆ. ಜನ ಅದಕ್ಕೂ ನಿಲ್ತಿರಲಿಲ್ಲವಂತೆ. ಅದಕ್ಕೇ ಇರಬೇಕು, 2016ರಲ್ಲಿ ಸುಪ್ರೀಂ ಕೋರ್ಟು ಸಿನಿಮಾಗೆ ಮೊದಲೇ ಹಾಕಿ, ಬಾಗಿಲೂ ಮುಚ್ಚಿ ಅಂದಿದ್ದು. ಆಮೇಲೆ 2018ರಲ್ಲಿ ಕಡ್ಡಾಯ ಏನಲ್ಲ ಅಂದ್ರು, ಅದು ಬೇರೆ. ರಾಷ್ಟ್ರಗೀತೆಗೇ ನಿಲ್ಲದವರು ಲೈಟ್‌ಬಾಯ್ ಹೆಸರಿಗೆ ನಿಲ್ತಾರಾ?"

ಸೀನ ಸಕ್ಕರೆ ಜೊತೆಗೆ ಒಂದು ಪಾಯಿಂಟನ್ನೂ ಹಾಕಿಸಿಕೊಂಡು ಬಂದಿದ್ದ. "ಹೆಸರು ಅಂದ್ರೆ ಹುಡುಗಾಟ ಅಲ್ಲ ಕಣೋ. 1980ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ನಿರ್ದೇಶಕನ ಹೆಸರು ಮೊದಲು ಹಾಕದೆ ಕೊನೆಗೆ ಹಾಕಿದ್ರು ಅಂತ ಅಮೆರಿಕದ ನಿರ್ದೇಶಕರ ಸಂಘ ದಂಡ ಹಾಕಿತ್ತು, ಗೊತ್ತಾ?"

"ಅಂದ್ರೆ ಕೊನೆಗೆ ಹಾಕಿದ್ರೆ ಯಾರೂ ನೋಡಲ್ಲ ಅಂತ ಆ ಸಂಘಕ್ಕೂ ಗೊತ್ತಿತ್ತು ಅಂತಾಯ್ತು," ಅಂದಳು ಪದ್ಮ. ಈ ಹುಡುಗಿ ವಕೀಲಿಕೆ ಓದಬೇಕಿತ್ತು.

ಇಷ್ಟಾದರೂ ಸೀನನ ಕೈಯಲ್ಲಿ ಒಂದು ತುರುಪು ಇದೆ. 2022ರಲ್ಲಿ ಕೆಜಿಎಫ್ ಎರಡನೇ ಭಾಗಕ್ಕೆ ಹೋಗಿದ್ದೆವು. ಪಾರ್ಕಿಂಗಲ್ಲಿ ರಶ್ ಆಗುತ್ತೆ ಅಂತ ನಾವು ಮೂವರೂ ಹೆಸರು ಬರುವ ಮೊದಲೇ ಓಡಿದೆವು. ನಮ್ಮಷ್ಟೇ ಬುದ್ಧಿವಂತರು ಬೇಸ್‌ಮೆಂಟ್ ತುಂಬ ಇದ್ದರು. ಹಾರನ್ನು, ಹೊಗೆ, ಬೈಗುಳ. ಕಾರು ಒಂದು ಮಾರು ಮುಂದೆ ಹೋಗಿರಲಿಲ್ಲ, ಸೀನ ಲಿಫ್ಟಿನಲ್ಲಿ ಆರಾಮಾಗಿ ಇಳಿದು ಬಂದು ಹಿಂದಿನ ಸೀಟಲ್ಲಿ ಕೂತ.

"ಮೂರನೇ ಭಾಗದ್ದು ಏನೋ ತೋರಿಸಿದ್ರಲ್ಲ, ನೋಡಿದ್ರಾ?" ಅಂದ.

ಏನು ತೋರಿಸಿದರು ಅಂತ ಬಾಯಿ ಬಿಡಲು ಮಸಾಲೆ ದೋಸೆ ಕೇಳಿದ. ಕೊಡಿಸಿದೆವು. ಅದೂ ಬೆಣ್ಣೆದು. ಅಂದಿನಿಂದ ಯಾವ ವಾದ ಸೋತರೂ ಅವನು ಕೊನೆಗೆ "ದೋಸೆ ನೆನಪಿದೆಯಾ?" ಅನ್ನುತ್ತಾನೆ.

ಅದಕ್ಕೇ ಕಳೆದ ಶನಿವಾರ ನಾಲ್ವರೂ ಗಟ್ಟಿ ಮನಸ್ಸು ಮಾಡಿ ಕೂತೆವು. ಹೆಸರು ಬಂದವು, ಬಂದವು, ಬರುತ್ತಲೇ ಇದ್ದವು. ಗ್ರಾಫಿಕ್ಸ್‌ನವರೇ ಒಂದು ತಾಲೂಕಿಗೆ ಆಗುವಷ್ಟಿದ್ದರು. ಗುಂಡ ನಿದ್ದೆ ಹೋದ. ಲೈಟು ಹತ್ತಿತು. ಪೊರಕೆ, ಕಸದ ಕವರ್ ಹಿಡಿದ ಒಬ್ಬರು ಅಮ್ಮ ನಮ್ಮ ಸಾಲಿಗೆ ಬಂದು ನಿಂತರು.

"ಒಂದ್ನಿಮಿಷ ಅಮ್ಮ, ಏನೋ ಬರುತ್ತೆ," ಅಂದ ಸೀನ.

"ಏನೂ ಬರಲ್ಲ ಸಾರ್. ಬೆಳಗ್ಗೆ ಶೋದಿಂದ ನಾನೂ ನೋಡ್ತಾನೇ ಇದೀನಿ. ಕಾಲೆತ್ತಿ."

ಸೀನ ಕಾಲೆತ್ತಿದ.